ಮಳೆಗಾಲ, ಮರಳುನೊಣ ಮತ್ತು ಚಂಡೀಪುರ ಜ್ವರ



ಮಳೆ ಶುರುವಾದ ವಾರವೇ ನಮ್ಮ ನಾಗಪುರದ ಕನ್ನಡ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂತು. ಮೇಲೆ ದೊಡ್ಡದೊಂದು ನೊಣದ ಫೋಟೋ. ಕೆಳಗೆ ಕೆಂಪು ಅಕ್ಷರದಲ್ಲಿ, ಈ ನೊಣ ಕಚ್ಚಿದರೆ ಮಗು ಒಂದೇ ದಿನದಲ್ಲಿ ಹೋಗುತ್ತದೆ, ಕೂಡಲೇ ಹತ್ತು ಜನರಿಗೆ ಕಳಿಸಿ ಅಂತ ಸಾಲು. ಅರ್ಧ ಗಂಟೆಯಲ್ಲಿ ನನಗೆ ನಾಲ್ಕು ಫೋನ್ ಬಂದವು. ಒಬ್ಬ ತಾಯಿ ಕೇಳಿದರು: "ಡಾಕ್ಟ್ರೇ, ನಮ್ಮ ಪಾಪು ತಿನ್ನೋ ಮಾವಿನಹಣ್ಣಿನ ಮೇಲೆ ಇಂಥದ್ದೇ ನೊಣ ಕೂತಿತ್ತು, ಈಗ ಏನ್ ಮಾಡ್ಲಿ?"

ಫೋಟೋದಲ್ಲಿ ಇದ್ದದ್ದು ನಮ್ಮ ನಿಮ್ಮ ಊಟದ ತಟ್ಟೆ ಮೇಲೆ ಕೂರುವ ಮಾಮೂಲಿ ಮನೆನೊಣ. ಅದು ಕಚ್ಚುವುದೇ ಇಲ್ಲ. ಸ್ಪಂಜಿನಂಥ ಬಾಯಿಂದ ನೆಕ್ಕುತ್ತದೆ, ಅಷ್ಟೆ. ಹಾಗಂತ ಆ ಫಾರ್ವರ್ಡ್ ಪೂರ್ತಿ ಸುಳ್ಳು ಅಂತ ಅಳಿಸಿ ಹಾಕುವಂತೆಯೂ ಇರಲಿಲ್ಲ. ಒಂದೆರಡು ದಿನದಲ್ಲಿ ಮಗುವನ್ನು ಕೊಂಡೊಯ್ಯುವ ಜ್ವರ ಒಂದು ಇದೆ. ಅದನ್ನು ತರುವ ಕೀಟದ ಹೆಸರಿನಲ್ಲೂ 'ನೊಣ' ಇದೆ. ಆದರೆ ಅದು ಬೇರೆ ನೊಣ. ಅದು ಬೆಳೆಯುವ ಜಾಗ ಬೇರೆ, ಅದನ್ನು ತಡೆಯುವ ದಾರಿಯೂ ಬೇರೆ. ಫೋಟೋ ತಪ್ಪಾದರೆ ಎಚ್ಚರಿಕೆಯೂ ತಪ್ಪು ಜಾಗಕ್ಕೆ ಹೋಗುತ್ತದೆ. ಅದಕ್ಕೇ ಈ ಸಲ ಹೃದಯ, ಬಿ.ಪಿ., ಕೊಲೆಸ್ಟ್ರಾಲ್ ಪಕ್ಕಕ್ಕಿಟ್ಟು ನೊಣದ ಪಾಠ. ಹೃದ್ರೋಗದ ಕಡೆ ಬರುವ ಮುಂಚೆ ಎಂ.ಡಿ. ಓದುವಾಗ ಜ್ವರದ ವಾರ್ಡಿನಲ್ಲಿ ಮಳೆಗಾಲಗಳನ್ನು ಕಳೆದವನು ನಾನು, ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾಗಪುರದಲ್ಲಿ ಇಲ್ಲದವರೂ ಓದಿ. ಈ ವೈರಸ್ ಪಶ್ಚಿಮ, ಮಧ್ಯ ಮತ್ತು ದಕ್ಷಿಣ ಭಾರತದಲ್ಲೆಲ್ಲ ಓಡಾಡಿಕೊಂಡಿರುವಂಥದ್ದು.

*ನಮ್ಮ ಊರಿನ ಹೆಸರು ಹೊತ್ತ ವೈರಸ್*

ಶಿವಮೊಗ್ಗ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದು ಪತ್ತೆಯಾಯಿತು, ಕಾಡಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಅದಾದ ಎಂಟು ವರ್ಷಕ್ಕೆ ನಾಗಪುರಕ್ಕೂ ಅಂಥದ್ದೇ ಹೆಸರು ಬಂತು.

1965ರಲ್ಲಿ ಇಲ್ಲಿ ಡೆಂಗಿ, ಚಿಕುನ್‌ಗುನ್ಯಾ ಜ್ವರ ಹಬ್ಬಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗ ಅದು ರಾಷ್ಟ್ರೀಯ ವೈರಾಣು ಸಂಸ್ಥೆ, ಎನ್‌ಐವಿ) ಜ್ವರ ಬಂದವರ ರಕ್ತ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಇಬ್ಬರ ರಕ್ತದಲ್ಲಿ ಡೆಂಗಿಯೂ ಅಲ್ಲದ, ಚಿಕುನ್‌ಗುನ್ಯಾವೂ ಅಲ್ಲದ ಹೊಸ ವೈರಸ್ ಸಿಕ್ಕಿತು. ಭಟ್ ಮತ್ತು ರೋಡ್ರಿಗಸ್ ಎಂಬ ವಿಜ್ಞಾನಿಗಳು 1967ರಲ್ಲಿ ಅದರ ಬಗ್ಗೆ ಬರೆದರು. ಸಿಕ್ಕಿದ ಜಾಗದ ಹೆಸರು ಚಂಡೀಪುರ, ಹಾಗಾಗಿ ಚಂಡೀಪುರ ವೈರಸ್. ಹುಚ್ಚುನಾಯಿ ರೋಗದ ವೈರಸ್ ಇರುವ ಕುಟುಂಬಕ್ಕೇ ಸೇರಿದ್ದು ಇದು. ಆದರೆ ನಾಯಿಯಿಂದ ಬರುವುದಿಲ್ಲ, ರೇಬೀಸ್ ಲಸಿಕೆ ಇದಕ್ಕೆ ಕೆಲಸ ಮಾಡುವುದೂ ಇಲ್ಲ.

ಆಮೇಲೆ ಹಲವು ವರ್ಷ ಇದನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2003ರ ಮಳೆಗಾಲ ಆ ನೆಮ್ಮದಿ ಕೆಡಿಸಿತು. ಆಗಿನ ಆಂಧ್ರಪ್ರದೇಶದಲ್ಲಿ (ಈಗಿನ ತೆಲಂಗಾಣ ಆಗ ಅದರೊಳಗೇ ಇತ್ತು) 329 ಮಕ್ಕಳಿಗೆ ಮೆದುಳಿನ ಜ್ವರ ಬಂತು, 183 ಮಕ್ಕಳು ತೀರಿಕೊಂಡರು. ಮೊದಲು ಎಲ್ಲರೂ ಜಪಾನೀಸ್ ಎನ್ಸೆಫಲೈಟಿಸ್ ಅಂದುಕೊಂಡಿದ್ದರು. ಪುಣೆಯವರು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಚಂಡೀಪುರ ವೈರಸ್. ಆ ವರದಿಯಲ್ಲಿ ನನಗೆ ಇವತ್ತಿಗೂ ಕಾಡುವ ಮಾತು ಒಂದಿದೆ: ಹೆಚ್ಚಿನ ಸಾವು ಬಹಳ ಬೇಗನೇ ಆದವು.

2007ರಲ್ಲಿ ಅದು ತವರಿಗೇ ಬಂತು. ನಾಗಪುರ ವಿಭಾಗದಲ್ಲಿ 78 ಮಕ್ಕಳು ಮೆದುಳಿನ ಜ್ವರದಿಂದ ಆಸ್ಪತ್ರೆ ಸೇರಿದರು, ನೂರಕ್ಕೆ 40ಕ್ಕಿಂತ ಹೆಚ್ಚು ಮಕ್ಕಳು ಉಳಿಯಲಿಲ್ಲ. ಇನ್ನು 2024 ನಿಮಗೆ ನೆನಪಿರಬಹುದು, ಟಿವಿಯಲ್ಲಿ ಗುಜರಾತ್ ಗುಜರಾತ್ ಅಂತ ದಿನವೂ ಬರುತ್ತಿತ್ತು. ಜೂನ್ ಮೊದಲಿನಿಂದ ಆಗಸ್ಟ್ ಮಧ್ಯದವರೆಗೆ 245 ಮೆದುಳಿನ ಜ್ವರದ ಪ್ರಕರಣ, 82 ಸಾವು. ಅದರಲ್ಲಿ 64 ಪ್ರಕರಣ ಚಂಡೀಪುರ ಅಂತ ಪರೀಕ್ಷೆಯಲ್ಲಿ ಖಚಿತವಾಯಿತು. ಇಪ್ಪತ್ತು ವರ್ಷದಲ್ಲಿ ಇದೇ ದೊಡ್ಡದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಹೆದರಿಸಲು ಈ ಲೆಕ್ಕ ಕೊಡುತ್ತಿಲ್ಲ. ಮಳೆಗಾಲದಲ್ಲಿ ಲಕ್ಷಾಂತರ ಮಕ್ಕಳಿಗೆ ಜ್ವರ ಬರುತ್ತದೆ, ಅದರಲ್ಲಿ ಚಂಡೀಪುರ ಅಪರೂಪವೇ. ಆದರೆ ಬಂದರೆ ಸಮಯ ಕೊಡುವುದಿಲ್ಲ. ಇದಕ್ಕೆ ಲಸಿಕೆ ಇಲ್ಲ, ವೈರಸ್ಸನ್ನು ಕೊಲ್ಲುವ ಔಷಧವೂ ಇಲ್ಲ. ಹಾಗಾಗಿ ನೊಣ ಎಲ್ಲಿ ಬೆಳೆಯುತ್ತದೆ ಅಂತ ತಿಳಿದುಕೊಳ್ಳುವುದು ಇಲ್ಲಿ ಸುಮ್ಮನೆ ಶಾಲೆಯ ವಿಜ್ಞಾನ ಅಲ್ಲ.

*ಮೊದಲು ಮನೆನೊಣ, ಬೇಗ ಮುಗಿಸೋಣ*

ನೊಣದ ಬದುಕಿಗೆ ನಾಲ್ಕು ಹಂತ: ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ನೊಣ. ಚಿಟ್ಟೆಯದ್ದು ಶಾಲೆಯಲ್ಲಿ ಓದಿದ್ದೀರಿ, ಅದೇ ಕ್ರಮ.

ಮನೆನೊಣ ಒಂದು ಸಲಕ್ಕೆ ನೂರರಿಂದ ನೂರೈವತ್ತು ಮೊಟ್ಟೆ ಇಡುತ್ತದೆ, ಜೀವಮಾನದಲ್ಲಿ ಹಾಗೆ ಹಲವು ಸಲ. ಜಾಗ ತಿಪ್ಪೆ, ಹಸಿ ಸಗಣಿ, ಕೊಳೆತ ತರಕಾರಿ, ಡಸ್ಟ್‌ಬಿನ್ನಿನ ತಳದ ಅಂಟು. ಒಂದೇ ದಿನದಲ್ಲಿ ಮೊಟ್ಟೆ ಒಡೆದು ಕಾಲಿಲ್ಲದ ಬಿಳಿ ಹುಳು ಹೊರಬರುತ್ತದೆ. ನಾಲ್ಕೈದು ದಿನ ಗಬಗಬ ತಿಂದು, ಒಣ ಜಾಗ ಹುಡುಕಿಕೊಂಡು ಪಕ್ಕಕ್ಕೆ ಸರಿದು, ಕಂದು ಬಣ್ಣದ ಗಟ್ಟಿ ಕೋಶವಾಗುತ್ತದೆ. ಮತ್ತೆ ನಾಲ್ಕೈದು ದಿನಕ್ಕೆ ಕೋಶ ಒಡೆದು ನೊಣ. ನಾಗಪುರದ ಸೆಖೆಯಲ್ಲಿ ಎಲ್ಲ ಸೇರಿ ಹತ್ತು ದಿನದ ಆಟ. ಹುಳು ಕೋಶವಾಗುವ ಮೊದಲೇ ಕಸ ಮನೆಯಿಂದ ಆಚೆ ಹೋದರೆ ಆ ಸಂಸಾರ ಅಲ್ಲಿಗೇ ನಿಂತಿತು. ವಾರಕ್ಕೆ ಎರಡು ಸಲವಾದರೂ ಕಸ ಹೋಗಬೇಕು, ಡಬ್ಬಿಯ ತಳ ತೊಳೆದಿರಬೇಕು ಅನ್ನುವುದರ ಹಿಂದಿನ ಲೆಕ್ಕ ಇದು. ಘಂಟಾಗಾಡಿ ಬಂದಾಗ ಓಡಿ ಹೋಗಿ ಕೊಡಿ.

ಈ ನೊಣ ಕಾಲಿನಲ್ಲಿ, ಬಾಯಲ್ಲಿ ಕೊಳಕು ಹೊತ್ತು ತಂದು ಅನ್ನದ ಮೇಲೆ ಇಡುತ್ತದೆ. ವಾಂತಿ, ಭೇದಿ, ಟೈಫಾಯ್ಡ್ ಅದರ ಕೊಡುಗೆ. ಮಾವಿನಹಣ್ಣಿನ ತಾಯಿಗೆ ನಾನು ಹೇಳಿದ್ದು ಇಷ್ಟೇ: ಆ ಹೋಳು ಬಿಸಾಡಿ, ಉಳಿದ ಹಣ್ಣು ತೊಳೆದು ಹೊಸದಾಗಿ ಹೆಚ್ಚಿಕೊಡಿ, ಚಂಡೀಪುರ ಜ್ವರಕ್ಕೂ ಇದಕ್ಕೂ ಸಂಬಂಧ ಇಲ್ಲ.

*ಈಗ ಮರಳುನೊಣ*

ಇಂಗ್ಲಿಷಿನಲ್ಲಿ ಸ್ಯಾಂಡ್‌ಫ್ಲೈ, ಕನ್ನಡದಲ್ಲಿ ಮರಳುನೊಣ, ಇಲ್ಲಿ ಮರಾಠಿಯಲ್ಲಿ ವಾಳೂಮಾಶಿ. ಹೆಸರು ಕೇಳಿ ಮರಳಿನ ರಾಶಿ ಹುಡುಕಬೇಡಿ, ಅದರ ಮೈಬಣ್ಣ ಮರಳಿನಂತೆ ಇದೆ ಅಷ್ಟೆ. ಮನೆನೊಣದ ಪಕ್ಕ ಇಟ್ಟರೆ ಇದು ನೊಣ ಅಂತಲೇ ಅನ್ನಿಸುವುದಿಲ್ಲ. ಉದ್ದ ಎರಡು ಮೂರು ಮಿಲಿಮೀಟರ್, ಸೊಳ್ಳೆಗಿಂತ ಎಷ್ಟೋ ಚಿಕ್ಕದು. ಮೈತುಂಬ ಕೂದಲು. ಕೂತಾಗ ರೆಕ್ಕೆ ಮಡಚುವುದಿಲ್ಲ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಮೇಲೆತ್ತಿ ಹಿಡಿದಿರುತ್ತದೆ. ಸೊಳ್ಳೆಯ ಹಾಗೆ ಕಿವಿ ಹತ್ತಿರ ಗುಂಯ್ ಅನ್ನುವುದಿಲ್ಲ. ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಕಚ್ಚಿ ಹೋಗುತ್ತದೆ. ಹಾರುವುದರಲ್ಲಿ ದಡ್ಡ. ಗೋಡೆಯ ಮೇಲೆ ಕುಪ್ಪಳಿಸಿಕೊಂಡು ಹೋಗುತ್ತದೆ, ಸ್ವಲ್ಪ ಗಾಳಿ ಬೀಸಿದರೂ ನಿಲ್ಲಲಾರದು. ಹಗಲೆಲ್ಲ ಕತ್ತಲ ಮೂಲೆಯಲ್ಲಿ ಕೂತು, ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಹೊರಬರುತ್ತದೆ.

ಗಂಡು, ಹೆಣ್ಣು ಎರಡೂ ಗಿಡದ ರಸ ಕುಡಿದು ಬದುಕುತ್ತವೆ. ರಕ್ತ ಬೇಕಾಗುವುದು ಹೆಣ್ಣಿಗೆ ಮಾತ್ರ, ಅದೂ ಮೊಟ್ಟೆ ಬಲಿಯಲು. ದನ, ನಾಯಿ, ಇಲಿ, ಮನುಷ್ಯ, ಯಾರ ರಕ್ತವಾದರೂ ಆದೀತು. ರಕ್ತ ಕುಡಿದ ಸುಮಾರು ಒಂದು ವಾರಕ್ಕೆ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ಮೂವತ್ತರಿಂದ ಎಪ್ಪತ್ತು.

ಎಲ್ಲಿ ಇಡುತ್ತದೆ ಅನ್ನುವುದೇ ಈ ಲೇಖನದ ಮುಖ್ಯ ಮಾತು, ಸ್ವಲ್ಪ ನಿಧಾನವಾಗಿ ಓದಿ. ನೀರಿನಲ್ಲಿ ಅಲ್ಲ. ಕಸದ ಡಬ್ಬಿಯಲ್ಲೂ ಅಲ್ಲ. ಅದಕ್ಕೆ ಮೂರು ಬೇಕು: ಕತ್ತಲು, ಒದ್ದೆಯಲ್ಲದ ಸಣ್ಣ ತೇವ, ಮತ್ತು ಮರಿಗೆ ತಿನ್ನಲು ಸಗಣಿಪುಡಿ, ಕೊಳೆತ ಎಲೆ, ಸತ್ತ ಹುಳದ ಚೂರಿನಂಥ ಏನಾದರೂ. ಈ ಮೂರೂ ಒಟ್ಟಿಗೆ ಸಿಗುವ ಜಾಗ ಮಣ್ಣಿನ ಗೋಡೆಯ ಬಿರುಕು, ಪ್ಲಾಸ್ಟರ್ ಎದ್ದ ಸಂದು, ಗೋಡೆ ನೆಲಕ್ಕೆ ಸೇರುವ ಮೂಲೆ, ದನದ ಕೊಟ್ಟಿಗೆಯ ನೆಲ, ಇಲಿ ಬಿಲ, ಕಲ್ಲು ಇಟ್ಟಿಗೆ ರಾಶಿಯ ಅಡಿ, ಮರದ ಪೊಟರೆ.

ಬಿಜಾಪುರ, ಕಲಬುರಗಿ, ಧಾರವಾಡ ಕಡೆಯವರಿಗೆ ನಾನು ಎರೆಮಣ್ಣಿನ ಬಗ್ಗೆ ಹೇಳಬೇಕಿಲ್ಲ. ವಿದರ್ಭದ ಹತ್ತಿಯ ನೆಲವೂ ಅದೇ ಕರಿಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಗೋಡೆಯೂ ಅದರ ಜೊತೆಗೇ ಆಡಿ ಆಡಿ ಸೀಳುತ್ತದೆ. ಬಾಡಿಗೆ ಮನೆಯಲ್ಲಿ ಮಂಚದ ಹಿಂದಿನ ಗೋಡೆಯ ಬುಡ ಒಮ್ಮೆ ಟಾರ್ಚ್ ಹಾಕಿ ನೋಡಿ, ನಾನು ಹೇಳಿದ್ದು ಗೊತ್ತಾಗುತ್ತದೆ.

ಇನ್ನು ವೇಗ. ಮನೆನೊಣ ಹತ್ತು ದಿನದಲ್ಲಿ ಮುಗಿಸುವ ಕೆಲಸಕ್ಕೆ ಮರಳುನೊಣ ಒಂದರಿಂದ ಎರಡು ತಿಂಗಳು ತೆಗೆದುಕೊಳ್ಳುತ್ತದೆ. ಮೊಟ್ಟೆ ಒಡೆಯಲು ಒಂದೆರಡು ವಾರ. ಹೊರಬರುವ ಮರಿ ಸಣ್ಣ ಕಂಬಳಿಹುಳದ ಹಾಗಿರುತ್ತದೆ, ಹಿಂದೆ ಬಾಲದಂತೆ ಉದ್ದ ರೋಮ. ಅದು ನಾಲ್ಕು ಹಂತದಲ್ಲಿ ಬೆಳೆಯುತ್ತದೆ, ನಡುನಡುವೆ ಹಾವು ಪೊರೆ ಬಿಡುವಂತೆ ಚರ್ಮ ಕಳಚುತ್ತ ಕೆಲವು ವಾರ ಮಣ್ಣಿನೊಳಗೆ ತಿಂದುಕೊಂಡು ಇರುತ್ತದೆ. ಆಮೇಲೆ ಕೋಶವಾಗಿ ಹತ್ತು ದಿನದ ಆಸುಪಾಸು. ಅಲ್ಲಿಂದ ಹೊರಬಂದ ನೊಣದ ಆಯುಸ್ಸು ಕೆಲವೇ ವಾರ. ಅಂದರೆ ಜುಲೈನಲ್ಲಿ ಮಗುವಿನ ಕಾಲಿಗೆ ಕಚ್ಚಿದ ನೊಣ ಮೇ ಕೊನೆಗೋ ಜೂನ್ ಮೊದಲಿಗೋ ಯಾವುದೋ ಬಿರುಕಿನಲ್ಲಿ ಮೊಟ್ಟೆಯಾಗಿ ಕೂತಿತ್ತು. ಕೀಟಶಾಸ್ತ್ರ ಓದಿದವರಿಗೇ ಈ ಮರಿಹುಳು ಕಣ್ಣಿಗೆ ಬೀಳುವುದು ಕಷ್ಟ. ಸೊಳ್ಳೆ ಮರಿಯನ್ನು ಬಕೆಟ್ಟಿನಲ್ಲಿ ತೋರಿಸಬಹುದು, ಇದನ್ನು ಹಾಗೆ ತೋರಿಸಲು ಆಗುವುದಿಲ್ಲ.

*ವೈರಸ್ ಮೊಟ್ಟೆಯೊಳಗೂ ಹೋಗುತ್ತದೆ*

ರೋಗಿಯ ರಕ್ತ ಕುಡಿದ ಸೊಳ್ಳೆ ಇನ್ನೊಬ್ಬರಿಗೆ ಕಚ್ಚಿ ರೋಗ ಹರಡುತ್ತದೆ, ಇದು ಮಲೇರಿಯಾ ಪಾಠದಲ್ಲಿ ಓದಿದ್ದು. ಚಂಡೀಪುರದ ಲೆಕ್ಕ ಸ್ವಲ್ಪ ಬೇರೆ. ಪ್ರಯೋಗಾಲಯದಲ್ಲಿ ಮರಳುನೊಣ ಸಾಕಿ ನೋಡಿದಾಗ, ವೈರಸ್ ಇದ್ದ ತಾಯಿನೊಣ ತನ್ನ ಮೊಟ್ಟೆಗೂ ಅದನ್ನು ದಾಟಿಸುತ್ತದೆ ಅಂತ ಕಂಡುಬಂತು. ಆ ಮೊಟ್ಟೆಯಿಂದ ಬಂದ ನೊಣ ಯಾರ ರಕ್ತವನ್ನೂ ಕುಡಿಯುವ ಮುಂಚೆಯೇ ವೈರಸ್ ಹೊತ್ತಿರುತ್ತದೆ. ಗಂಡು ನೊಣ ಕಚ್ಚುವುದಿಲ್ಲ ಅಂದೆನಲ್ಲ, ಅದಕ್ಕೂ ಹೀಗೆ ತಾಯಿಯಿಂದ ಬರಬಹುದು, ಕೂಡುವಾಗ ಅದು ಹೆಣ್ಣಿಗೆ ದಾಟಿಸಬಹುದು ಅಂತ ಪುಣೆಯ ವಿಜ್ಞಾನಿಗಳು ತೋರಿಸಿದ್ದಾರೆ.

ನನ್ನ ಮಟ್ಟಿಗೆ ಈ ಕಾಯಿಲೆಯಲ್ಲಿ ಅತಿ ಮುಖ್ಯವಾದ ಸಂಗತಿ ಇದೇ. ಕೇರಿಯಲ್ಲಿ ಒಬ್ಬ ರೋಗಿಯೂ ಇಲ್ಲದಿದ್ದರೂ ಗೋಡೆಯ ಬಿರುಕಿನಲ್ಲಿ ವೈರಸ್ ತಲೆಮಾರಿನಿಂದ ತಲೆಮಾರಿಗೆ ಉಳಿದುಕೊಂಡಿರಬಲ್ಲದು. ಊರಿಗೆ ಊರೇ ಕಾಯಿಲೆ ಬೀಳದೆ, ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಒಂದೊಂದು ಮಗುವಿಗೆ ಮಾತ್ರ ಬರುವುದನ್ನು ನೋಡಿದಾಗ ನನಗೆ ಈ ಬಿರುಕುಗಳೇ ನೆನಪಾಗುತ್ತವೆ. ರೋಗಿಯನ್ನು ದೂರ ಇಡುವುದರಿಂದ ಏನೂ ಸಿಗುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡಿದ ದಾಖಲೆ ಇಲ್ಲ, ಆಸ್ಪತ್ರೆಯಿಂದ ಬಂದ ಮಗುವನ್ನು ಅಕ್ಕಪಕ್ಕದವರು ಮುಟ್ಟಬಹುದು, ಎತ್ತಿಕೊಳ್ಳಬಹುದು. ಸೊಳ್ಳೆ, ಉಣ್ಣೆಗಳ ಮೇಲೂ ವಿಜ್ಞಾನಿಗಳಿಗೆ ಅನುಮಾನ ಇದೆ. ಮುಖ್ಯ ಆರೋಪಿ ಮಾತ್ರ ಮರಳುನೊಣವೇ.

ಯಾಕೆ ಮಕ್ಕಳಿಗೇ? ಈ ಸೀಮೆಯ ದೊಡ್ಡವರ ರಕ್ತ ಪರೀಕ್ಷೆ ಮಾಡಿದರೆ ಬಹಳ ಜನರಲ್ಲಿ ಚಂಡೀಪುರದ ವಿರುದ್ಧದ ಪ್ರತಿಕಾಯ ಸಿಗುತ್ತದೆ. ಯಾವಾಗಲೋ ಕಚ್ಚಿಸಿಕೊಂಡು, ಸಣ್ಣ ಜ್ವರ ಬಂದು ಹೋಗಿ, ಅವರ ಮೈ ಪಾಠ ಕಲಿತಿದೆ. ಹದಿನೈದರ ಒಳಗಿನ ಮಕ್ಕಳ ಮೈ ಇನ್ನೂ ಕಲಿತಿರುವುದಿಲ್ಲ.

*ಕೂಲರ್ ತೊಳೆದರೆ ಸಾಕೇ?*

ಜೂನ್ ಬಂದರೆ ನಾಗಪುರದಲ್ಲಿ ಎಲ್ಲರ ಮನೆಯ ಕೂಲರಿನ ವಿಚಾರಣೆ ಶುರು. ಬೇಸಿಗೆಯ 45 ಡಿಗ್ರಿಯಲ್ಲಿ ಕೂಲರ್ ಇಲ್ಲದೆ ಇಲ್ಲಿ ಯಾರೂ ಬದುಕಲಾರರು, ಮಳೆ ಬಂದ ಮೇಲೆ ಅದರ ಟ್ಯಾಂಕಿನಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು. ಖಾಲಿ ಮಾಡಿ, ಒಣಗಿಸಿ, ಮುಚ್ಚಿಡಿ. ಅದು ಸರಿಯಾದ ಕೆಲಸ. ಆದರೆ ಅದರಿಂದ ಮರಳುನೊಣಕ್ಕೆ ಏನೂ ಆಗುವುದಿಲ್ಲ, ಅದರ ಮರಿಗೆ ನಿಂತ ನೀರು ಬೇಕೇ ಇಲ್ಲ. ಗಲ್ಲಿಯಲ್ಲಿ ಧೂರ್ ಫವಾರಣಿ, ಅಂದರೆ ಹೊಗೆ ಬಿಡುವ ಗಾಡಿ ಬಂದು ಹೋದಾಗ ಮಕ್ಕಳಿಗೆ ಖುಷಿ, ನಮಗೆ ಸಮಾಧಾನ. ಆ ಹೊಗೆ ಆ ಹೊತ್ತಿಗೆ ಹೊರಗೆ ಹಾರಾಡುತ್ತಿದ್ದುದನ್ನು ಕೊಲ್ಲುತ್ತದೆ. ಬಿರುಕಿನೊಳಗೆ ಮಣ್ಣಿನಲ್ಲಿ ಹುದುಗಿರುವ ಮರಿಗೆ ಗಾಡಿ ಬಂದದ್ದೂ ಗೊತ್ತಾಗುವುದಿಲ್ಲ.

ಮರಳುನೊಣಕ್ಕೆ ಸರಿಯಾದ ಮದ್ದು ಗೋಡೆಯ ಒಳಮೈಗೆ ಹೊಡೆಯುವ ಔಷಧ. ನೊಣ ಕುಪ್ಪಳಿಸಿ ಕುಪ್ಪಳಿಸಿ ಗೋಡೆಯ ಮೇಲೆಯೇ ಕೂರುವುದರಿಂದ ಅದು ಕೆಲಸ ಮಾಡುತ್ತದೆ. ಗುಜರಾತಿನಲ್ಲಿ 2024ರಲ್ಲಿ ಬಿರುಕುಗಳಿಗೆ ಮೆಲಾಥಿಯಾನ್ ಪುಡಿಯನ್ನೂ ಹಾಕಿದರು. ಇದು ಆರೋಗ್ಯ ಇಲಾಖೆಯವರ ಕೆಲಸ, ಅಂಗಡಿಯಿಂದ ಪುಡಿ ತಂದು ನೀವೇ ಮಗು ಮಲಗುವ ಕೋಣೆಯಲ್ಲಿ ಉದುರಿಸಬೇಡಿ. ನಿಮ್ಮ ಕಡೆ ಫವಾರಣಿಯವರು ಬಂದರೆ ಅಡುಗೆ ಸಾಮಾನು ಮುಚ್ಚಿಟ್ಟು ಮಲಗುವ ಕೋಣೆಗೂ ಬಿಡಿ. ಎಷ್ಟೋ ಮನೆಯವರು ವರಾಂಡಕ್ಕೆ ಮಾತ್ರ ಹೊಡೆಸಿ ಕಳಿಸುತ್ತಾರೆ, ನೊಣ ಕಚ್ಚುವುದು ಮಲಗಿದಲ್ಲಿ. ಇನ್ನೊಂದು ತಪ್ಪು ಹಬ್ಬದ್ದು. ಔಷಧ ಹೊಡೆದ ಹದಿನೈದು ದಿನಕ್ಕೆ ಪೋಳಾ ಬಂತು, ಗಣಪತಿ ಬಂತು ಅಂತ ಗೋಡೆಗೆ ಸುಣ್ಣ ಬಳಿದರೆ ಔಷಧ ಸುಣ್ಣದ ಅಡಿ ಹೋಯಿತು. ಮೊದಲು ಬಿರುಕು ಮುಚ್ಚಿ ಸುಣ್ಣ ಬಳಿಯಿರಿ, ಆಮೇಲೆ ಔಷಧ.

ಮನೆಯವರ ಕೈಯಲ್ಲಿ ಇರುವುದು ಬಿರುಕು ಮುಚ್ಚುವ ಕೆಲಸ. ಒಂದು ಚೀಲ ಸಿಮೆಂಟ್, ಒಂದು ಭಾನುವಾರ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ ಕಾಯುತ್ತ ಕೂರಬೇಡಿ, ಗೋಡೆಯ ಬುಡ ಮತ್ತು ಮಂಚದ ಹಿಂಬದಿಯಷ್ಟಾದರೂ ನೀವೇ ಮೆತ್ತಿಬಿಡಿ. ಮಣ್ಣಿನ ಗೋಡೆಯಾದರೆ ಮಣ್ಣಿನಿಂದಲೇ ಮೆತ್ತಿ, ಆದರೆ ಸೀಳು ಪೂರ್ತಿ ತುಂಬಲಿ. ಇದನ್ನು ಮೇ ತಿಂಗಳಲ್ಲಿ ಮಾಡಿದರೆ ಒಳ್ಳೆಯದು, ಮಳೆ ಬಂದ ಮೇಲೆ ಮಾಡಿದರೂ ನಷ್ಟವಿಲ್ಲ. ಗೋಡೆಗೆ ಒತ್ತಿ ಪೇರಿಸಿದ ಕಟ್ಟಿಗೆ, ಕುರುಳು, ಹಳೇ ಇಟ್ಟಿಗೆ ದೂರ ಸರಿಸಿ. ದನ, ಕುರಿ, ಕೋಳಿ ಇದ್ದರೆ ಮಕ್ಕಳ ಹಾಸಿಗೆಯಿಂದ ದೂರ ಕಟ್ಟಿ, ಸಗಣಿ ದಿನವೂ ಹೊರಗೆ ಹೋಗಲಿ. ಇಲಿ ಬಿಲ ಮುಚ್ಚಿ.

ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಡಿ, ಮಂಚವನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆಯಿರಿ. ಫ್ಯಾನ್ ಹಾಕಿ, ಮೊದಲೇ ಹೇಳಿದಂತೆ ಅದಕ್ಕೆ ಗಾಳಿ ಆಗುವುದಿಲ್ಲ. ಸೊಳ್ಳೆಪರದೆ ಕಟ್ಟಿ, ಆದರೆ ಮರಳುನೊಣ ಸಾಮಾನ್ಯ ಪರದೆಯ ಕಣ್ಣಿನಲ್ಲಿ ತೂರಿ ಬರುವಷ್ಟು ಚಿಕ್ಕದು. ಹಾಗಾಗಿ ಕೀಟನಾಶಕ ಲೇಪಿಸಿದ ಪರದೆ, ಇಲ್ಲವೇ ತೀರ ಸಣ್ಣ ಕಣ್ಣಿನದ್ದು ತೆಗೆದುಕೊಳ್ಳಿ. ಸಂಜೆ ಮೇಲೆ ತುಂಬು ತೋಳಿನ ಅಂಗಿ, ಉದ್ದ ಪೈಜಾಮ.

ಮೂರನೇ ಮಹಡಿಯ ಫ್ಲಾಟಿನಲ್ಲಿ ಇರುವವರು ಇದು ನಮಗಲ್ಲ ಅಂದುಕೊಳ್ಳುತ್ತಿರಬಹುದು. ಬಹುಮಟ್ಟಿಗೆ ನಿಜ, ಈ ನೊಣ ಎತ್ತರಕ್ಕೆ ಹಾರುವಂಥದ್ದಲ್ಲ. ಆದರೆ ನಿಮ್ಮ ಕಟ್ಟಡದ ವಾಚ್‌ಮನ್ ಸಂಸಾರ ಕಾಂಪೌಂಡಿನ ಮೂಲೆಯ ತಗಡಿನ ಶೆಡ್ಡಿನಲ್ಲಿದೆ, ನೆಲದ ಮೇಲೆ ಮಲಗುವ ಎರಡು ಮಕ್ಕಳಿವೆ. ಪಕ್ಕದ ಸೈಟಿನಲ್ಲಿ ಗಾರೆ ಕೆಲಸಕ್ಕೆ ಯಾದಗಿರಿ, ರಾಯಚೂರು ಕಡೆಯಿಂದ ಬಂದ ನಮ್ಮವರ ಜೋಪಡಿಗಳಿರಬಹುದು. ಈ ಮೆಸೇಜು ಅವರ ಫೋನಿಗೆ ತಲುಪದೇ ಇರಬಹುದು, ಓದಿ ಹೇಳಿ. ನಿಮ್ಮ ಮಕ್ಕಳೂ ರಜೆಯಲ್ಲಿ ಅಜ್ಜಿ ಊರಿಗೆ ಹೋಗಿ ಹಳೇ ಮಣ್ಣಿನ ಮನೆಯಲ್ಲಿ ಮಲಗಿ ಬರುತ್ತಾರೆ ಅಲ್ಲವೇ?

*ಜ್ವರ ಬಂದ ರಾತ್ರಿ*

ಚೆನ್ನಾಗಿ ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಜೋರು ಜ್ವರ. ಕೆಲವು ಗಂಟೆಗಳಲ್ಲೇ ವಾಂತಿ, ಕೆಲವು ಸಲ ಭೇದಿ. ಆಮೇಲೆ ಫಿಟ್ಸ್, ಅಥವಾ ಮಂಪರು, ಕರೆದರೆ ಸರಿಯಾಗಿ ಓಗೊಡದೇ ಇರುವುದು, ಅಸಂಬದ್ಧ ಮಾತು. ಇದು ಚಂಡೀಪುರದ ನಡೆ. ವಾಂತಿ ಭೇದಿ ಮೊದಲು ಬರುವುದರಿಂದ ಎಷ್ಟೋ ಮನೆಯಲ್ಲಿ ಏನೋ ತಿಂದದ್ದು ಆಗಲಿಲ್ಲ, ದೃಷ್ಟಿ ತಾಗಿದೆ ಅಂತ ಒಂದು ರಾತ್ರಿ ಕಳೆದುಬಿಡುತ್ತಾರೆ. ಆ ಒಂದು ರಾತ್ರಿಯೇ ಇಲ್ಲಿ ಎಲ್ಲ. ಎದೆನೋವು ಬಂದರೂ ಬೆಳಗಾಗಲಿ ಅಂತ ಕಾದು ಬರುವ ಹಿರಿಯರನ್ನು ನಾನು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ಅವರನ್ನು ಬಯ್ಯುತ್ತೇನೆ, ಅವರು ನಗುತ್ತಾರೆ. ಮಗುವಿನ ವಿಷಯದಲ್ಲಿ ಅಷ್ಟು ಅವಕಾಶವೂ ಸಿಗುವುದಿಲ್ಲ.

ಬರಿಯ ಜ್ವರ ಇದ್ದು ಮಗು ಚಟುವಟಿಕೆಯಾಗಿದ್ದರೆ ಗಾಬರಿ ಬೇಡ. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್, ಕುಡಿಯಲು ನೀರು, ಹತ್ತಿರದ ಡಾಕ್ಟರು. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ. ಆದರೆ ಜ್ವರದ ಜೊತೆ ಫಿಟ್ಸ್, ಮಂಪರು, ನಿಲ್ಲದ ವಾಂತಿ, ಉಸಿರಾಟದಲ್ಲಿ ವ್ಯತ್ಯಾಸ, ಇವುಗಳಲ್ಲಿ ಒಂದು ಕಂಡರೂ ಗಲ್ಲಿಯ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿ ಮನೆಗೆ ಬರಬೇಡಿ. ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ನೇರ ಹೋಗಿ. 108ಕ್ಕೆ ಫೋನ್ ಮಾಡಿ, ಗಾಡಿ ತಡವಾಗುವುದಾದರೆ ಆಟೋ ಹಿಡಿಯಿರಿ.

ವೈರಸ್ಸಿಗೆ ಔಷಧ ಇಲ್ಲ ಅಂದಮೇಲೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಅಂತ ನೀವು ಕೇಳಬಹುದು. ಫಿಟ್ಸ್ ನಿಲ್ಲಿಸುತ್ತಾರೆ, ಮೆದುಳಿನ ಬಾವು ಇಳಿಸುತ್ತಾರೆ, ಸಕ್ಕರೆ, ಬಿ.ಪಿ., ಆಮ್ಲಜನಕ ಕೆಳಗೆ ಹೋಗದಂತೆ ನೋಡಿಕೊಳ್ಳುತ್ತಾರೆ, ಬೇಕಾದರೆ ವೆಂಟಿಲೇಟರ್ ಹಾಕುತ್ತಾರೆ. ವೈರಸ್ಸಿನ ವಿರುದ್ಧ ಹೋರಾಡುವುದು ಮಗುವಿನ ಮೈಯೇ, ಆ ಹೋರಾಟ ಮುಗಿಯುವವರೆಗೆ ಮಗುವನ್ನು ಉಳಿಸಿಕೊಳ್ಳುವುದು ಆಸ್ಪತ್ರೆಯ ಕೆಲಸ. ಹೀಗೆ ಬದುಕಿದ ಮಕ್ಕಳು ಇದ್ದಾರೆ. ಅಲ್ಲದೆ ಬಂದಿರುವುದು ಚಂಡೀಪುರವೇ ಆಗಿರಬೇಕಿಲ್ಲ. ಮೆದುಳಿಗೆ ಏರಿದ ಮಲೇರಿಯಾ, ಬ್ಯಾಕ್ಟೀರಿಯಾದ ಮೆದುಳುಪೊರೆ ಜ್ವರವೂ ಹೀಗೆಯೇ ಕಾಣುತ್ತವೆ, ಅವಕ್ಕೆ ಔಷಧ ಇದೆ. ಹೋದರೆ ತಾನೇ ಗೊತ್ತಾಗುವುದು?

ದಾರಿಯಲ್ಲಿ ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಂದ ಬಂದದ್ದು ಹೊರಗೆ ಹರಿಯಲಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಅಥವಾ ಚಪ್ಪಲಿ, ಹಲ್ಲಿನ ನಡುವೆ ಚಮಚ, ಇದ್ಯಾವುದೂ ಬೇಡ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು, ಔಷಧ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ನಿಮಿಷ ಇತ್ತು ಅಂತ ಫೋನಿನಲ್ಲಿ ಗಡಿಯಾರ ನೋಡಿಕೊಳ್ಳಿ.

ಕೊನೆಗೆ ಒಂದು ಸಣ್ಣ ವಿಷಯ, ನಮ್ಮಂಥ ಹೊರಗಿನಿಂದ ಬಂದವರಿಗೆ ಮಾತ್ರ ಅರ್ಥವಾಗುವಂಥದ್ದು. ಮನೆಯ ಗಂಡಸರು ಡ್ಯೂಟಿಯಲ್ಲಿರುತ್ತಾರೆ, ಮಗುವನ್ನು ಎತ್ತಿಕೊಂಡು ಕ್ಯಾಶುವಾಲ್ಟಿಗೆ ಓಡಿ ಬಂದ ತಾಯಿಗೋ ಅಜ್ಜಿಗೋ ಆ ಗಾಬರಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಒಳಗಿನವರಿಗೆ ಕನ್ನಡ ಬರುವುದಿಲ್ಲ. ಅಲ್ಲಿ ಹತ್ತು ನಿಮಿಷ ಹೋಗಿಬಿಡುತ್ತದೆ. ಈ ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ, ಮನೆಯ ಹಿರಿಯರ ಬಾಯಲ್ಲಿ ಎರಡು ಸಲ ಹೇಳಿಸಿ. ಆಗದ ಲಕ್ಷಣವನ್ನು ಬಿಟ್ಟು, ಆದದ್ದನ್ನು ಹೇಳಿದರೆ ಸಾಕು.

ಮರಾಠಿಯಲ್ಲಿ: "ಕಾಲ್‌ಪಾಸೂನ್ ತಾಪ ಆಹೆ, ಉಲ್ಟ್ಯಾ ಹೋತ್ ಆಹೇತ್, ಝಟಕೇ ಆಲೇ, ಮೂಲ್ ಶುದ್ಧೀವರ್ ನಾಹೀ."

ಹಿಂದಿಯಲ್ಲಿ: "ಕಲ್ ಸೇ ಬುಖಾರ್ ಹೈ, ಉಲ್ಟೀ ಹೋ ರಹೀ ಹೈ, ಝಟಕೇ ಆಯೇ, ಬಚ್ಚಾ ಹೋಶ್ ಮೇಂ ನಹೀಂ ಹೈ."

ನಿನ್ನೆಯಿಂದ ಜ್ವರ, ವಾಂತಿ ಆಗುತ್ತಿದೆ, ಫಿಟ್ಸ್ ಬಂತು, ಮಗುವಿಗೆ ಎಚ್ಚರ ಇಲ್ಲ ಅಂತ ಅರ್ಥ. ಜ್ವರ ಇವತ್ತೇ ಶುರುವಾಗಿದ್ದರೆ ಮರಾಠಿಯಲ್ಲಿ 'ಕಾಲ್‌ಪಾಸೂನ್' ಬದಲು 'ಆಜ್‌ಪಾಸೂನ್' ಅನ್ನಿ, ಹಿಂದಿಯಲ್ಲಿ 'ಕಲ್ ಸೇ' ಬದಲು 'ಆಜ್ ಸೇ'.